501ನೆಯ ಸಂಖ್ಯೆಯ ‘ಕೃಷ್ಣ’

ಪತ್ರದ ಸಾರ: ನಿವೃತ್ತ ಬ್ಯಾಂಕ್ ನೌಕರರಾದ ಶಿವಮೊಗ್ಗದ ಓದುಗರೊಬ್ಬರು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬಂದು, ವೈಟ್‌ಫೀಲ್ಡ್‌ನಲ್ಲಿ ನಡೆದ ‘ಕಾಮಿಕ್ ಕಾನ್’ ಎಂಬ ಚಿತ್ರಕಥೆಗಳ ಮೇಳದಲ್ಲಿ ಇಡೀ ದಿನ ಹಳೆಯ ಚಿತ್ರಕಥೆಗಳಿಗಾಗಿ ಹುಡುಕಿದ್ದಾರೆ. ಸಂಜೆ ಗೇಟಿನ ಹೊರಗೆ ಸಿಕ್ಕ ಒಬ್ಬಾತ ‘ಮೊದಲ ಮುದ್ರಣ’ವೆಂದು ಹೇಳಿದ ಅಮರ ಚಿತ್ರ ಕಥೆಯ ಇಂಗ್ಲಿಷ್ ‘ಕೃಷ್ಣ’ವನ್ನು 1,800 ರೂಪಾಯಿಗೆ ಕೊಂಡಿದ್ದಾರೆ. ಮನೆಯಲ್ಲಿ ನೋಡಿದರೆ ಅದರ ಮೇಲೆ 501 ಎಂಬ ಸಂಖ್ಯೆ. ತಾವು ಮೋಸಹೋದದ್ದು ನಿಜವೇ, ಇಂಥ ಮೇಳಕ್ಕೆ ತಮ್ಮಂಥವರು ಹೋಗಬೇಕೇ ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ಮಾನ್ಯರೇ,

ಮೊದಲ ಪ್ರಶ್ನೆಗೆ ಉತ್ತರ, ವಿಷಾದದಿಂದಲೇ, ಹೌದು. ಆ ಮಾಲಿಕೆಯಲ್ಲಿ ‘ಕೃಷ್ಣ’ದ ಮೂಲ ಸಂಖ್ಯೆ 11. 501 ಎಂಬುದು ಬಹುಕಾಲದ ಮೇಲೆ ಮಾಲಿಕೆಗೆ ಹೊಸದಾಗಿ ಸಂಖ್ಯೆ ಕೊಟ್ಟು ಮರುಮುದ್ರಿಸಿದಾಗ ಬಂದದ್ದು. ಕಥೆ ಅನಂತ ಪೈಯವರದೇ, ಚಿತ್ರಗಳು ರಾಮ್ ವಾಯೀರ್‌ಕರ್ ಅವರವೇ. ಓದಲು ಕೊಂಡವರಿಗೆ ನಷ್ಟವೇನೂ ಇಲ್ಲ. ಆದರೆ ಸಂಗ್ರಾಹಕರು ಹಣ ಕೊಡುವುದು ಕಥೆಗಲ್ಲ, ಮುದ್ರಣಕ್ಕೆ.

ಇನ್ನು ಮುಂದೆ ಯಾರಾದರೂ ಹಳೆಯ ಪ್ರತಿಯೆಂದು ಮುಂದಿಟ್ಟರೆ, ಮುಖಪುಟದ ಹೊಳಪಿಗೆ ಮರುಳಾಗದೆ, ನಡುಪುಟವನ್ನು ಬಿಡಿಸಿ ಎರಡು ಪಿನ್ನುಗಳನ್ನು ನೋಡಿ. ಪಿನ್ನಿನ ಸುತ್ತ ಕಾಗದಕ್ಕೆ ತುಕ್ಕಿನ ಕಲೆ ಇಳಿದಿದ್ದೂ ಪಿನ್ನು ಮಾತ್ರ ಫಳಫಳ ಎನ್ನುತ್ತಿದ್ದರೆ ಅದನ್ನು ಈಚೆಗೆ ಬದಲಿಸಿದ್ದಾರೆ ಎಂದೇ ಅರ್ಥ. ಹಾಗಿದ್ದರೆ ಮುಖಪುಟ ಒಂದು ಪ್ರತಿಯದು, ಒಳಪುಟ ಇನ್ನೊಂದರದು ಆಗಿರುವ ಸಾಧ್ಯತೆಯೂ ಉಂಟು. ಬಳಿಕ ಅಚ್ಚಾದ ಬೆಲೆಯನ್ನೂ ಹಿಂಬದಿಯ ಜಾಹೀರಾತನ್ನೂ ಓದಿ. ಪೈಸೆಗಳಲ್ಲಿ ಬೆಲೆಯಿದ್ದ ಕಾಲದ ಪುಸ್ತಕದ ಮೇಲೆ ಬಾರ್‌ಕೋಡ್ ಇರಲು ಸಾಧ್ಯವಿಲ್ಲ. ನಾನೇ ಒಮ್ಮೆ, ಮೂವತ್ತು ವರ್ಷ ಪತ್ರಿಕೆ ನಡೆಸಿದ ಜಂಬದಲ್ಲಿ, ಇದಾವುದನ್ನೂ ನೋಡದೆ ದುಡ್ಡು ಕಳೆದುಕೊಂಡಿದ್ದೇನೆ.

ಎರಡನೆಯ ಪ್ರಶ್ನೆ ಅಷ್ಟು ಸುಲಭದ್ದಲ್ಲ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 1970ರಲ್ಲಿ ಇಂಥ ಸಮಾವೇಶವನ್ನು ಕಟ್ಟಿದವರು ಶೆಲ್ ಡಾರ್ಫ್ ಮತ್ತು ಅವರಂಥ ಅಭಿಮಾನಿಗಳು. ಆ ವರ್ಷ ಹೋಟೆಲೊಂದರಲ್ಲಿ ಮೂರು ದಿನ ಕೂಡಿದವರು ಕೇವಲ ಮುನ್ನೂರು ಮಂದಿ, ಹಳೆಯ ಸಂಚಿಕೆಗಳ ಮಾರಾಟ ಮತ್ತು ವಿನಿಮಯ ಅಲ್ಲಿ ಬೇರೂರಿದ್ದ ಹವ್ಯಾಸ. ನಮ್ಮಲ್ಲಿ ಕಾಮಿಕ್ ಕಾನ್ ಮೊದಲು ನಡೆದದ್ದು 2011ರಲ್ಲಿ, ದೆಹಲಿಯ ದಿಲ್ಲಿ ಹಾಟ್‌ನಲ್ಲಿ. ಮರುವರ್ಷ ಅದು ಬೆಂಗಳೂರಿಗೂ ಬಂತು. ಅದರ ಒಲವು ಮೊದಲಿನಿಂದಲೂ ಹೊಸ ಪ್ರಕಾಶಕರು, ಅಂಗಿ, ಗೊಂಬೆ, ವೇಷಗಳ ಕಡೆಗೇ. ನೀವು ಬರೆದಂತೆ ಬ್ಯಾಟ್‌ಮ್ಯಾನ್ ವೇಷದ ಹುಡುಗ ನಿಮ್ಮ ಚೀಲವನ್ನು ಹೊತ್ತು ಸಾಲಿನಲ್ಲಿ ಜಾಗ ಮಾಡಿಕೊಟ್ಟದ್ದು ಸಂತೋಷದ ಸಂಗತಿ, ಆದರೆ 1964ರಲ್ಲಿ ಶುರುವಾದ ಇಂದ್ರಜಾಲ ಕಾಮಿಕ್ಸ್ ಅವನ ಕಾಲದ್ದಲ್ಲ. ಆದ್ದರಿಂದ ಅಲ್ಲಿಗೆ ಕೊಳ್ಳಲು ಹೋಗಬೇಡಿ. ಚಿತ್ರಕಾರರನ್ನು ಕಾಣಲು, ಅವರು ಕಣ್ಣೆದುರೇ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುವುದನ್ನು ನೋಡಲು, ನಿಮ್ಮಂತೆಯೇ ಅಲೆಯುತ್ತಿರುವ ಇನ್ನಿಬ್ಬರ ಫೋನ್ ನಂಬರ್ ಪಡೆಯಲು ಹೋಗಿ.

ಈಗ ನಿಮ್ಮ ಪತ್ರದ ಕೊನೆಯ ಸಾಲಿಗೆ ಬರುತ್ತೇನೆ. ಅಣ್ಣನವರ ಮನೆಯ ಅಟ್ಟದಲ್ಲಿ ‘ಸಿಂಡರೆಲಾ’ದಿಂದ ಶುರುವಾಗುವ, ಹತ್ತಾರು ಕನ್ನಡ ಚಿತ್ರಕಥೆಗಳನ್ನು ಸೇರಿಸಿ ಬೈಂಡ್ ಮಾಡಿಸಿದ ಹಳೆಯ ಪುಸ್ತಕವೊಂದಿದೆ, ಅದು ಲೆಕ್ಕಕ್ಕಿಲ್ಲ ಎಂದು ನೀವು ತೇಲಿಸಿ ಬರೆದಿದ್ದೀರಿ. ದಯವಿಟ್ಟು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಅಮರ ಚಿತ್ರ ಕಥೆಯ ಮೊದಲ ಹತ್ತು ಸಂಚಿಕೆಗಳು ವಿದೇಶಿ ಕಥೆಗಳು. 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಅವು ಹೊರಬಂದದ್ದು ಕನ್ನಡದಲ್ಲಿ. ‘ಕೃಷ್ಣ’ಕ್ಕೆ 11ನೆಯ ಸಂಖ್ಯೆ ಬಂದದ್ದೂ ಅದಕ್ಕಾಗಿಯೇ. ವೈಟ್‌ಫೀಲ್ಡ್‌ನಲ್ಲಿ ಆ ಹತ್ತರಲ್ಲಿ ಒಂದನ್ನೂ ನಾನು ಕಂಡಿಲ್ಲ.

ನಿಮ್ಮಲ್ಲಿರುವುದು ಅವೇ ಹೌದೋ ಅಲ್ಲವೋ ನೋಡದೆ ಹೇಳಲಾರೆ. ಬೈಂಡಿನವರು ಅಂಚು ಕತ್ತರಿಸಿರುತ್ತಾರೆ, ಬೆಲೆ ಕುಸಿದಿರುತ್ತದೆ, ಇರಲಿ. ಹೊಲಿಗೆ ಬಿಚ್ಚಿಸಬೇಡಿ, ಹರಿದಲ್ಲಿ ಸೆಲ್ಲೋಟೇಪ್ ಹಚ್ಚಬೇಡಿ, ಮಳೆಗಾಲ ಹಿಡಿಯುವ ಮೊದಲು ಅಟ್ಟದಿಂದ ಇಳಿಸಿ ಗಾಳಿಯಾಡುವ ಬೀರುವಿನಲ್ಲಿಡಿ. ಪ್ರತಿ ಸಂಚಿಕೆಯ ಮೊದಲ ಪುಟ ಹಾಗೂ ಪ್ರಕಾಶಕರ ಹೆಸರಿರುವ ಪುಟದ ಫೋಟೋ ತೆಗೆದು ನಮಗೆ ಕಳಿಸಿ.