ಸಂಗೀತ ನಾಟಕದಲ್ಲಿ ಪ್ರೀತಿ ಗೆಲ್ಲೋದು ಹೇಗೆ?

ಸಂಗೀತ ನಾಟಕಗಳಲ್ಲಿ ಪ್ರೀತಿಗೆ ಎಷ್ಟೇ ಅಡ್ಡಿ ಬಂದರೂ ಕೊನೆಗೆ ಮದುವೆ ಆಗೇ ಆಗುತ್ತದೆ, ಅದು ಹೇಗೆ, ಬರೀ ಹಾಡಿನಿಂದಲೇ ಗೆಲ್ಲುತ್ತಾರಾ ಅಂತ ಕೇಳಿದ್ದೀರಿ.

ನಾನು ಧಾರವಾಡದವಳು. ಮದುವೆಯಾಗಿ ಪುಣೆಗೆ ಬಂದ ಮೇಲೆ ಇಲ್ಲಿನ ಮರಾಠಿ ಸಂಗೀತ ನಾಟಕದ ಹುಚ್ಚು ಹತ್ತಿತು. ಅದಕ್ಕೆ ಕಾರಣ 'ಸಂಗೀತ ಸೌಭದ್ರ'. ಬರೆದವರು ಅಣ್ಣಾಸಾಹೇಬ ಕಿರ್ಲೋಸ್ಕರ್. ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1843ರಲ್ಲಿ. ನಾಟಕ ಮೊದಲು ರಂಗಕ್ಕೆ ಬಂದಿದ್ದು 1882ರಲ್ಲಿ, ಇದೇ ಪುಣೆಯಲ್ಲಿ. ಇವತ್ತಿಗೂ ಆಡುತ್ತಾರೆ.

ಕಥೆ ನಮಗೆ ಗೊತ್ತಿರೋದೇ. ಸುಭದ್ರೆಗೆ ಅರ್ಜುನ ಬೇಕು. ಅಣ್ಣ ಬಲರಾಮ ದುರ್ಯೋಧನನಿಗೆ ಕೊಡಬೇಕು ಅಂತ ಹಟ ಹಿಡಿದಿದ್ದಾನೆ. ಇಲ್ಲಿ ಒಂದು ವಿಷಯ ಗಮನಿಸಿ. ಬಲರಾಮ ಕೆಟ್ಟವನಲ್ಲ. ತಂಗಿ ಮೇಲೆ ಅವನಿಗೆ ಜೀವ. ಶಿಷ್ಯ ದುರ್ಯೋಧನನ ಮನೆ ಸೇರಿದರೆ ಅವಳು ಸುಖವಾಗಿರುತ್ತಾಳೆ ಅಂತ ನಿಜವಾಗಿಯೂ ನಂಬಿದ್ದಾನೆ. ಅಂಥವನನ್ನು ಸೋಲಿಸಿ ಏನು ಮಾಡೋದು? ಒಲಿಸಬೇಕು. ಕೃಷ್ಣ ಮಾಡೋದು ಅದನ್ನೇ. ಅಣ್ಣನ ಎದುರು ನಿಂತು ಜಗಳ ಆಡುವುದಿಲ್ಲ. ಸನ್ಯಾಸಿ ವೇಷದಲ್ಲಿರುವ ಅರ್ಜುನನನ್ನು ಬಲರಾಮನೇ ಭಕ್ತಿಯಿಂದ ಮನೆಗೆ ಕರೆದು, ತಂಗಿಯನ್ನೇ ಸೇವೆಗೆ ಇಡುವ ಹಾಗೆ ಮಾಡುತ್ತಾನೆ. ಅಡ್ಡಿ ಮಾಡಿದ ಕೈಯೇ ಬಾಗಿಲು ತೆಗೆಯುತ್ತದೆ.

ಹಾಗಾದರೆ ಹಾಡು ಯಾಕೆ ಬೇಕು? 'ವದ ಜಾವೂ ಕುಣಾಲಾ ಶರಣ' ಅಂತ ಸುಭದ್ರೆ ಗೆಳತಿಯ ಹತ್ತಿರ ಹಾಡುತ್ತಾಳೆ. ಯಾರಿಗೆ ಶರಣು ಹೋಗಲಿ ಹೇಳೇ, ಈ ಸಂಕಟ ಕಳೆಯುವವರು ಯಾರು ಅಂತ. ಮಾತಿನಲ್ಲಾದರೆ ಅರ್ಧ ನಿಮಿಷದಲ್ಲಿ ಮುಗಿಯೋ ಅಳಲು. ಆರ್ಗನ್, ತಬಲಾ ಜೊತೆ ಸೇರಿ ಅದೇ ಸಾಲು ಸುತ್ತಿ ಸುತ್ತಿ ಬರುವಾಗ ನಾವು ಪ್ರೇಕ್ಷಕರು ಸುಮ್ನೆ ಕೂತಿರೋಕೆ ಆಗುವುದಿಲ್ಲ, ಅವಳ ಪಕ್ಷ ಸೇರಿಬಿಡುತ್ತೇವೆ. ಆಮೇಲೆ ಕೃಷ್ಣ ಎಷ್ಟೇ ಆಟ ಕಟ್ಟಿದರೂ ಮೋಸ ಅನ್ನಿಸುವುದಿಲ್ಲ. ಘಟೋತ್ಕಚ ಬಂದು ಅವಳನ್ನು ಹೊತ್ತುಕೊಂಡು ಹೋಗುವುದೂ ಇದೆ. ಮಕ್ಕಳಿಗೆ ಅದೇ ಇಷ್ಟ, ನನಗೆ ಈ ಹಾಡು.

ನನಗೆ ಇದು ಇಷ್ಟು ತಟ್ಟೋಕೆ ಕಾರಣ ಇದೆ. ನನ್ನ ಮದುವೆಗೂ ಅಣ್ಣ ಒಪ್ಪಿರಲಿಲ್ಲ. ಹುಡುಗ ಮರಾಠಿ, ಜಾತಿಯೂ ಬೇರೆ. ಎರಡು ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದ. ನಾನು ಅತ್ತಿದ್ದು, ವಾದ ಮಾಡಿದ್ದು ಯಾವುದೂ ನಡೆಯಲಿಲ್ಲ. ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಒಂದು ದಿನ ಇವರನ್ನು ಮನೆಗೆ ಊಟಕ್ಕೆ ಕರೆದರು. ಯಾರು ಅಂತ ಅಣ್ಣನಿಂದ ಮುಚ್ಚಿಡಲಿಲ್ಲ. 'ಒಮ್ಮೆ ಎದುರಿಗೆ ಕೂತು ಊಟ ಮಾಡ್ರಿ, ಆಮೇಲೆ ಬ್ಯಾಡ ಅನ್ರಿ' ಅಂದರಂತೆ. ಅಣ್ಣ ಆವತ್ತೇನೂ ಒಪ್ಪಲಿಲ್ಲ. ಆದರೆ ಹೊರಡುವಾಗ ಬಸ್ ಸ್ಟ್ಯಾಂಡ್ ತನಕ ತಾನೇ ಬಿಟ್ಟು ಬಂದ.

ಅಣ್ಣ ಪುಣೆಗೆ ಬಂದಾಗ ಬಾಲಗಂಧರ್ವ ರಂಗಮಂದಿರಕ್ಕೆ ಕರೆದುಕೊಂಡು ಹೋಗಿ ಸೌಭದ್ರ ತೋರಿಸಿದೆ. ಬಲರಾಮನ ಸಿಟ್ಟು ಇಳಿಯುವ ಹೊತ್ತಿಗೆ ಅಣ್ಣ ನನ್ನ ಕಡೆ ತಿರುಗಿ, 'ಪಾಪ, ಅವಂಗೂ ಯಾರರ ಮೊದಲಽ ಹೇಳಬೇಕಿತ್ತು' ಅಂದ.