ಕಪ್ಪಿಟ್ಟ ಕೆನ್ನೆ ಕಾಯಿಲೆಯ ಗುರುತೇ?

ಪ್ರಶ್ನೆ: 1850ರ ದಶಕದಲ್ಲಿ ಇಂಗ್ಲೆಂಡಿನ ಸರ‍್ರೆ ಕೌಂಟಿ ಮಾನಸಿಕ ಆಸ್ಪತ್ರೆಯಲ್ಲಿ ಡಾ. ಹ್ಯೂ ವೆಲ್ಚ್ ಡೈಮಂಡ್ ತೆಗೆದ ರೋಗಿಗಳ ಫೋಟೊ ನೋಡಿದೆ. ಕೆಲವರ ಕೆನ್ನೆ ಕಪ್ಪಿಟ್ಟಿದೆ, ಕಣ್ಣು ಬಿಳಿಚಿಕೊಂಡಿದೆ. ಇದು ಕಾಯಿಲೆಯ ಲಕ್ಷಣವೇ? ಅಷ್ಟಕ್ಕೂ ಫೋಟೊ ತೆಗೆದದ್ದೇಕೆ?
– ಓದುಗರು, ಧಾರವಾಡ

ಉತ್ತರ: ಕಾಯಿಲೆಯನ್ನು ದೂರುವ ಮುಂಚೆ ಫೋಟೊ ಮೂಡುತ್ತಿದ್ದ ಗಾಜನ್ನು ವಿಚಾರಿಸಬೇಕು. ಡೈಮಂಡ್ ಬಳಸಿದ್ದು ಫ್ರೆಡರಿಕ್ ಸ್ಕಾಟ್ ಆರ್ಚರ್ 1851ರಲ್ಲಿ ಪ್ರಕಟಿಸಿದ ಹಸಿ ಕೊಲೋಡಿಯನ್ ವಿಧಾನ. ಗನ್‌ಕಾಟನ್ (ಆಮ್ಲದಲ್ಲಿ ಸಂಸ್ಕರಿಸಿದ ಹತ್ತಿ) ಅನ್ನು ಈಥರ್ ಮತ್ತು ಆಲ್ಕೊಹಾಲಿನಲ್ಲಿ ಕರಗಿಸಿ, ಅಯೊಡೈಡ್ ಬೆರೆಸಿ, ಗಾಜಿನ ಮೇಲೆ ಹೊಯ್ದು ನಾಲ್ಕೂ ಮೂಲೆಗೆ ಹರಿಸಬೇಕು. ಬೆರಳಿಗೆ ಅಂಟುವ ಹದ ಬಂದ ಕೂಡಲೇ ಕತ್ತಲಕೋಣೆಯಲ್ಲಿ ಸುಮಾರು ಶೇ 7–8ರ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ 3–4 ನಿಮಿಷ ಮುಳುಗಿಸಬೇಕು. ಆ ಹಸಿ ಆರುವುದರೊಳಗೆ, ಅಂದರೆ 10–15 ನಿಮಿಷದಲ್ಲಿ, ಫೋಟೊ ತೆಗೆದು ಡೆವಲಪ್ ಮಾಡಿ ಮುಗಿಸಬೇಕು. ತಡವಾದರೆ ಬೆಳ್ಳಿಯ ಲವಣ ಹರಳುಗಟ್ಟಿ ಕಲೆ ಬೀಳುತ್ತದೆ. ಧೂಳು ಕೂತರೆ ಬಾಲವಿರುವ ಚುಕ್ಕೆ ಮೂಡುತ್ತದೆ.

ಈ ಪದರ ಸ್ಪಂದಿಸುವುದು ನೀಲಿ, ನೇರಳೆ, ಅತಿನೇರಳೆ ಬೆಳಕಿಗೆ. ಕೆಂಪು ಅದರ ಮಟ್ಟಿಗೆ ಕತ್ತಲೆ. ಹಾಗಾಗಿ ಕೆಂಪೇರಿದ ಕೆನ್ನೆ, ನಸುಗಂದು ಮಚ್ಚೆ ಕಪ್ಪಾಗುತ್ತವೆ, ನೀಲಿ ಕಣ್ಣಿನ ಬಣ್ಣದ ಭಾಗ ಬೆಳ್ಳಗಾಗುತ್ತದೆ. ಮೇಲಾಗಿ ಹಲವು ಸೆಕೆಂಡು ಅಲುಗಾಡದೆ ಕೂರಬೇಕು. ಎಂಥ ಆರೋಗ್ಯವಂತರ ಮುಖವೂ ಅಷ್ಟರಲ್ಲಿ ಬಿಗಿದುಕೊಳ್ಳುತ್ತದೆ.

ಡೈಮಂಡ್ 1848ರಿಂದ 1858ರವರೆಗೆ ಅಲ್ಲಿನ ಮಹಿಳಾ ವಿಭಾಗದ ಮುಖ್ಯಸ್ಥರು. 1856ರ ಮೇ 22ರಂದು ಲಂಡನ್ನಿನ ವಿಜ್ಞಾನ ಸಂಸ್ಥೆ ರಾಯಲ್ ಸೊಸೈಟಿಯಲ್ಲಿ ಫೋಟೊಗಳ ಮೂರು ಉಪಯೋಗ ಹೇಳಿದರು: ಮುಖಲಕ್ಷಣದ ದಾಖಲೆ, ಮತ್ತೆ ದಾಖಲಾದವರ ಗುರುತು, ಚಿಕಿತ್ಸೆ. ತಾನು ರಾಣಿ ಎಂದು ನಂಬಿದ್ದ 20 ವರ್ಷದ ಯುವತಿಯೊಬ್ಬಳು ತನ್ನ ಫೋಟೊ ನೋಡಿ ನಕ್ಕು, ಅದರ ಬಗ್ಗೆಯೇ ಮಾತಾಡತೊಡಗಿದ್ದು ಅವಳ ಚೇತರಿಕೆಯ ಮೊದಲ ಹೆಜ್ಜೆ ಎಂದರು. ಒಬ್ಬಳ ಅನುಭವ ಚಿಕಿತ್ಸೆಗೆ ಪುರಾವೆಯಾಗದು. ಮತ್ತೆ ದಾಖಲಾದವರನ್ನು ಗುರುತಿಸುವುದಕ್ಕೆ ಮಾತ್ರ ಫೋಟೊ ನಿಜಕ್ಕೂ ಒದಗುತ್ತಿತ್ತು ಎಂಬುದು ನಮ್ಮ ಅಭಿಪ್ರಾಯ.

ನೀವು ನೋಡಿದ್ದು ಫೋಟೊವೇ ಹೌದೇ ಎಂದೂ ಪರೀಕ್ಷಿಸಿ. 1858ರಲ್ಲಿ ಡಾ. ಜಾನ್ ಕೊನೊಲಿ ಲಂಡನ್ನಿನ ವೈದ್ಯಪತ್ರಿಕೆಯಲ್ಲಿ ಬರೆದ ಲೇಖನಮಾಲೆಗೆ ಡೈಮಂಡರ ಫೋಟೊಗಳನ್ನು ನೋಡಿ ಬರೆದ ಕಲ್ಲಚ್ಚಿನ (ಕಲ್ಲಿನ ಮೇಲೆ ಚಿತ್ರ ಬರೆದು ಮುದ್ರಿಸುವ ಲಿಥೊಗ್ರಾಫ್) ಚಿತ್ರಗಳನ್ನು ಬಳಸಲಾಯಿತು. ಅಲ್ಲಿ ಹಣೆಯ ಗೆರೆ ಕಲಾವಿದನ ಕೈಯದು. ಭೂತಗನ್ನಡಿ ಹಿಡಿದಾಗ ನೆರಳಿನಲ್ಲಿ ಸೀಸದಕಡ್ಡಿಯಂಥ ಒರಟು ಗೀರು ಕಂಡರೆ ಅದು ಕಲ್ಲಚ್ಚು. ಫೋಟೊ ಆಗಿದ್ದರೆ ಉಡುಪಿನ ನೆರಿಗೆ ನೋಡಿ: ನೆರಿಗೆ ಸ್ಪಷ್ಟವಾಗಿದ್ದು ಮುಖವಷ್ಟೇ ಮಸುಕಾಗಿದ್ದರೆ, ತಲೆ ಅಲುಗಿದೆ.