ಹಸುವಿಗೂ ಅದೇ ಇಂಜೆಕ್ಷನ್, ನನಗೂ ಅದೇನಾ?

ಪ್ರಶ್ನೆ: ಮೇಡಂ, ನನಗೆ 29 ವರ್ಷ. ಮುಟ್ಟಾದಾಗ ತಡೆಯಲಾಗದ ಹೊಟ್ಟೆನೋವು. ಸ್ಕ್ಯಾನ್ ಮಾಡಿಸಿದರೆ ಚಾಕೊಲೇಟ್ ಸಿಸ್ಟ್, ಅಂದರೆ ಅಂಡಾಶಯದಲ್ಲಿ ಹಳೇ ರಕ್ತ ತುಂಬಿದ ಚೀಲ ಅಂದರು. ತಿಂಗಳಿಗೊಂದು ಲ್ಯೂಪ್ರೊಲೈಡ್ ಇಂಜೆಕ್ಷನ್ ಬರೆದಿದ್ದಾರೆ, ಮುಟ್ಟು ನಿಲ್ಲುತ್ತದಂತೆ. ಮೊದಲನೆಯದು ಹಾಕಿಸಿಕೊಂಡು ವಾರವಾಯಿತು, ನೋವು ಜಾಸ್ತಿಯೇ ಆಗಿದೆ. ನಮ್ಮ ಹಸು ಗಬ್ಬ ನಿಲ್ಲದಿದ್ದಾಗ ದನದ ಡಾಕ್ಟರ್ ಕೊಟ್ಟಿದ್ದೂ ಇದೇ ಜಾತಿಯ ಔಷಧಿ ಅಂತಾನೆ ತಮ್ಮ. ಹಸು ಗಬ್ಬವಾಗಲು ಕೊಡುವುದು ನನ್ನ ಮುಟ್ಟನ್ನು ಹೇಗೆ ನಿಲ್ಲಿಸುತ್ತದೆ? ಎರಡನೆಯದು ಬೇಡ ಅನಿಸುತ್ತಿದೆ.
– ಹೆಸರು ಬೇಡ, ಮದ್ದೂರು ತಾಲ್ಲೂಕು

ಉತ್ತರ: ನಿಮ್ಮ ಡಾಕ್ಟರನ್ನು ಕೇಳದೆ ಬಿಡಬೇಡಿ ಕಣಮ್ಮ. ನಿಮ್ಮ ತಮ್ಮ ಹೇಳಿದ್ದು ಸರಿ ಇರಬಹುದು. ಹಸುಗಳಿಗೆ ಹೆಚ್ಚಾಗಿ ಬುಸೆರೆಲಿನ್ ಕೊಡುತ್ತಾರೆ. ಅದೂ ಲ್ಯೂಪ್ರೊಲೈಡೂ ಜಿಎನ್‌ಆರ್‌ಎಚ್ ಅನ್ನುವ ಹಾರ್ಮೋನನ್ನು ತಿದ್ದಿ ಮಾಡಿದ ಔಷಧಿಗಳು.

ಈ ಹಾರ್ಮೋನ್ ಮೆದುಳಿನ ಹೈಪೊಥಲಾಮಸ್‌ನಿಂದ ಪಿಟ್ಯುಟರಿ ಗ್ರಂಥಿಗೆ ಇಳಿಯುತ್ತದೆ. ಅಲ್ಲಿನ ಜೀವಕೋಶಗಳ ಮೈಮೇಲೆ ಇದನ್ನು ಹಿಡಿಯಲೆಂದೇ ಪ್ರೊಟೀನ್‌ಗಳಿವೆ, ಅವೇ ರಿಸೆಪ್ಟರ್. ಹಾರ್ಮೋನ್ ಬಂದು ಕೂತ ಕೂಡಲೇ ಆ ಕೋಶ ಎಲ್‌ಎಚ್, ಎಫ್‌ಎಸ್‌ಎಚ್‌ ಅನ್ನುವ ಹಾರ್ಮೋನ್‌ಗಳನ್ನು ರಕ್ತಕ್ಕೆ ಬಿಡುತ್ತದೆ. ಅವು ಅಂಡಾಶಯದಲ್ಲಿ ಅಂಡ ಬೆಳೆಸುತ್ತವೆ, ಈಸ್ಟ್ರೊಜೆನ್ ಅನ್ನುವ ಹೆಣ್ಣು ಹಾರ್ಮೋನ್ ಮಾಡಿಸುತ್ತವೆ.

ಇಲ್ಲಿ ಎಷ್ಟು ಬಂತು ಅನ್ನುವುದಕ್ಕಿಂತ ಹೇಗೆ ಬಂತು ಅನ್ನುವುದು ದೊಡ್ಡದು. ಮುಟ್ಟು ಶುರುವಾದ ಮೇಲಿನ ದಿನಗಳಲ್ಲಿ ಜಿಎನ್‌ಆರ್‌ಎಚ್ ಸುಮಾರು 60ರಿಂದ 90 ನಿಮಿಷಕ್ಕೊಮ್ಮೆ ಚಿಮ್ಮುತ್ತದೆ, ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಮಧ್ಯೆ ರಿಸೆಪ್ಟರ್‌ಗೆ ಬಿಡುವು. ಕಬ್ಬಿಗೆ ನಾಲೆ ನೀರು ಬಿಟ್ಟು ಬಿಟ್ಟು ಹಾಯಿಸುತ್ತೀರಿ, ಅಲ್ವಾ? ನೀರು ನಿಂತೇ ಇದ್ದರೆ ಬೇರು ಹೀರುವುದನ್ನೇ ಬಿಡುತ್ತದೆ. 1978ರಲ್ಲಿ ಅಮೆರಿಕದ ಅರ್ನ್‌ಸ್ಟ್ ನೋಬಿಲ್ ತಂಡ ಇದನ್ನು ಕೋತಿಗಳಲ್ಲಿ ತೋರಿಸಿತು. ಹೈಪೊಥಲಾಮಸ್ ಕೆಲಸ ನಿಲ್ಲಿಸಿದ್ದ ಕೋತಿಗಳಿಗೆ ಗಂಟೆಗೊಮ್ಮೆ ಹಾರ್ಮೋನ್ ಕೊಟ್ಟರೆ ಎಲ್‌ಎಚ್ ಚೆನ್ನಾಗಿ ಬಂತು. ಅದೇ ಹಾರ್ಮೋನನ್ನು ಬಿಡುವಿಲ್ಲದೆ ಹರಿಸಿದರೆ ಎಲ್‌ಎಚ್ ಕುಸಿಯಿತು. ಮತ್ತೆ ಗಂಟೆಗೊಮ್ಮೆ ಕೊಟ್ಟರೆ ಮತ್ತೆ ಬಂತು. ನನಗೆ ತುಂಬಾ ಇಷ್ಟವಾದ ಪ್ರಯೋಗ ಇದು, ನಿಮ್ಮ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ.

ಹಸುವಿಗೆ ಕೊಟ್ಟಿದ್ದು ಕೆಲವು ಮೈಕ್ರೋಗ್ರಾಂ, ಒಂದೇ ಸಲ. ಎಲ್‌ಎಚ್ ಒಮ್ಮೆ ಏರಿತು, ಅಂಡ ಹೊರಬಿತ್ತು, ಔಷಧಿ ಖಾಲಿ. ನಿಮ್ಮದು ಬಹುಶಃ 3.75 ಮಿಲಿಗ್ರಾಂ ಡಿಪೋ. ತಿಂಗಳು ಪೂರ್ತಿ, ಹಗಲೂ ರಾತ್ರಿ ಸ್ವಲ್ಪ ಸ್ವಲ್ಪವೇ ಒಸರುತ್ತದೆ. ಶುರುವಿನಲ್ಲಿ ರಿಸೆಪ್ಟರ್‌ಗಳೆಲ್ಲ ಒಟ್ಟಿಗೆ ಎಚ್ಚರಗೊಂಡು, ಈ ಸಿಸ್ಟನ್ನು ಕೆರಳಿಸುವ ಈಸ್ಟ್ರೊಜೆನ್ ಏರುತ್ತದೆ. ಈಗ ನಿಮ್ಮನ್ನು ಕಾಡುತ್ತಿರುವ ನೋವಿಗೆ ಇದು ಕಾರಣವಿರಬಹುದು. ಒಂದೆರಡು ವಾರ ಕಳೆದ ಮೇಲೆ ಕೋಶ ತನ್ನ ರಿಸೆಪ್ಟರ್‌ಗಳನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಉಳಿದವೂ ಸರಿಯಾಗಿ ಸ್ಪಂದಿಸುವುದಿಲ್ಲ. ಎಲ್‌ಎಚ್ ಇಳಿಯುತ್ತದೆ, ಅಂಡಾಶಯ ಸುಮ್ಮನಾಗುತ್ತದೆ, ಮುಟ್ಟು ನಿಲ್ಲುತ್ತದೆ. ನೋವೂ ತಗ್ಗುತ್ತಾ ಬರುತ್ತದೆ.

ಮೊದಲು ನೋವು ಏರಬಹುದು, ಆಮೇಲೆ ತಗ್ಗುತ್ತದೆ ಅನ್ನುವ ಈ ಎರಡು ಮಾತನ್ನು ಇಂಜೆಕ್ಷನ್ ಹಾಕುವ ದಿನವೇ ನಿಮಗೆ ಹೇಳಬೇಕಿತ್ತು. ಮೈಸೂರಿನ ನನ್ನ ಕ್ಲಿನಿಕ್ಕಿಗೂ ಹೀಗೆ ಹೆದರಿ ಅರ್ಧಕ್ಕೇ ಬಿಟ್ಟವರು ಬರುತ್ತಾರೆ. ದುಡ್ಡೂ ಹೋಯಿತು, ನೋವೂ ಉಳಿಯಿತು. ನೋಡಿದರೆ ಸಂಕಟವಾಗುತ್ತದೆ.

ಮುಂದೆ ಮೈ ಬಿಸಿಯೇರಿ ಬೆವರುವುದು, ನಿದ್ದೆ ಕೆಡುವುದು ಇರಬಹುದು. ಈಸ್ಟ್ರೊಜೆನ್ ಇಳಿದರೆ ಮೂಳೆಯೂ ಸವೆಯುತ್ತದೆ. ಹಾಗಾಗಿ ಈ ಔಷಧಿಯೊಂದನ್ನೇ ಸಾಮಾನ್ಯವಾಗಿ 6 ತಿಂಗಳಿಗಿಂತ ಹೆಚ್ಚು ಕೊಡುವುದಿಲ್ಲ. ಮೂಳೆ ಕಾಪಾಡಲು ಜೊತೆಗೆ ಸಣ್ಣ ಪ್ರಮಾಣದ ಹಾರ್ಮೋನ್ ಮಾತ್ರೆ ಬೇಕಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಇಂಜೆಕ್ಷನ್ ನಡೆಯುವಷ್ಟು ದಿನ ಗರ್ಭ ನಿಲ್ಲಬಾರದು, ಕಾಂಡೋಮ್ ಬಳಸಿ. ಆಮೇಲೆ ಮಗು ಆಗುವುದಿಲ್ಲವೇನೋ ಅನ್ನುವ ಭಯ ಬೇಡ. ಔಷಧಿ ಇಳಿದ ಮೇಲೆ ರಿಸೆಪ್ಟರ್‌ಗಳು ವಾಪಸ್ ಬರುತ್ತವೆ, ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ ಮುಟ್ಟೂ ಬರುತ್ತದೆ.

ಒಂದೇ ಪಕ್ಕದಲ್ಲಿ ಇದ್ದಕ್ಕಿದ್ದಂತೆ ಜೋರು ನೋವು, ವಾಂತಿ ಅಥವಾ ಜ್ವರ ಬಂದರೆ ಮಾತ್ರ ಇಂಜೆಕ್ಷನ್ನಿಂದ ಇರಬೇಕು ಅಂತ ಕಾಯಬೇಡಿ. ಸಿಸ್ಟ್ ಒಡೆದಿರಬಹುದು, ತಿರುಚಿಕೊಂಡಿರಬಹುದು. ರಾತ್ರಿಯಾದರೂ ಸರಿ, ಸ್ಕ್ಯಾನ್ ರಿಪೋರ್ಟ್ ಹಿಡಿದು ಆಸ್ಪತ್ರೆಗೆ ಹೋಗಿ.